ಎಕ್ಸ್‌ಟೆನ್ಷನ್‌ನ ಥ್ರೆಡ್ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವುದು ಹೇಗೆ

ಮಣಿಪಾಲದ ನಮ್ಮ ಆಫೀಸಿನಲ್ಲಿ ಟೆಸ್ಟಿಂಗ್‌ನವರಿಗೆ ಇಡೀ ದಿನ ಪವರ್‌ಶೆಲ್ (ಮೈಕ್ರೋಸಾಫ್ಟ್‌ನ ಕಮಾಂಡ್ ಭಾಷೆ) ಸ್ಕ್ರಿಪ್ಟ್‌ಗಳದೇ ಕೆಲಸ. ಅವರಿಗೆ ಬೇಕಾದ ಹಾಗೆ ವಿಎಸ್ ಕೋಡ್ ಎಂಬ ಕೋಡ್ ಎಡಿಟರ್‌ಗೆ ಒಂದು ಎಕ್ಸ್‌ಟೆನ್ಷನ್ ಮಾಡಿಕೊಂಡಿದ್ದೇವೆ, ಅದನ್ನು ನೋಡಿಕೊಳ್ಳುವುದು ನಾನು. "ಅಣ್ಣ, ಟರ್ಮಿನಲ್ ಪುನಃ ಹ್ಯಾಂಗ್" ಎಂಬ ಮೆಸೇಜ್ ದಿನಾ ಬರುತ್ತಿತ್ತು. ಕಂಪ್ಲೀಷನ್ (ಬರೆಯುವಾಗ ಮುಂದಿನ ಪದ ಸೂಚಿಸುವುದು) ಬರುವುದಿಲ್ಲ, ಕಂಟ್ರೋಲ್ ಸಿ ಒತ್ತಿದರೆ ನಿಲ್ಲುವುದಿಲ್ಲ, ಡೀಬಗ್ ಮುಗಿದರೂ ಪ್ರಾಂಪ್ಟ್ ವಾಪಸ್ ಬರುವುದಿಲ್ಲ. ಬೇರೆ ಬೇರೆ ಬಗ್ ಅಂತ ಕಂಡರೂ ಬೇರು ಒಂದೇ. ಸ್ಕ್ರಿಪ್ಟ್ ಓಡಿಸುವ ಥ್ರೆಡ್ (ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ಸಾಗುವ ಕೆಲಸದ ಎಳೆ) ಯಾವುದು ಅಂತ ಕೋಡಿನಲ್ಲಿ ಎಲ್ಲೂ ತೀರ್ಮಾನವೇ ಆಗಿರಲಿಲ್ಲ. ಪವರ್‌ಶೆಲ್ ತಂಡ ಕೂಡ 2022ರಲ್ಲಿ ತಮ್ಮ ಎಕ್ಸ್‌ಟೆನ್ಷನ್‌ನ ಈ ಭಾಗವನ್ನು ಹೊಸದಾಗಿ ಬರೆದು ಹೊರಗೆ ಬಿಟ್ಟಿತು. ಅವರ ಎಕ್ಸ್‌ಟೆನ್ಷನ್‌ನ ಬೆನ್ನೆಲುಬಾದ ಎಡಿಟರ್ ಸರ್ವಿಸಸ್ ಕೋಡ್ ಗಿಟ್‌ಹಬ್‌ನಲ್ಲಿದೆ, ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ.

ಮೊದಲು ಲಾಗ್. ಸ್ಕ್ರಿಪ್ಟ್ ಓಡಿಸುವ ಪ್ರತಿ ಜಾಗದಲ್ಲೂ ಥ್ರೆಡ್ ಐಡಿ ಬರೆಸಿ, ಅರ್ಧ ಗಂಟೆ ಮಾಮೂಲಿ ಕೆಲಸ ಮಾಡಿ ನೋಡಿ. ಒಂದೇ ರನ್‌ಸ್ಪೇಸ್‌ಗೆ (ಪವರ್‌ಶೆಲ್ ಕಮಾಂಡ್ ಓಡುವ ಆವರಣ) ಕೈಹಾಕುವ ಥ್ರೆಡ್‌ಗಳು ಎಷ್ಟಿವೆ ಅಂತ ತಿಳಿಯುತ್ತದೆ. ರನ್‌ಸ್ಪೇಸ್ ಒಂದು ಸಲಕ್ಕೆ ಒಂದೇ ಪೈಪ್‌ಲೈನ್ (ಕಮಾಂಡ್‌ಗಳ ಸರಣಿ) ಓಡಿಸುತ್ತದೆ, ಎರಡನೆಯದನ್ನು ತುರುಕಿದರೆ ಎರರ್. ಅದಕ್ಕೇ ಹಳಬರು ಅಲ್ಲಲ್ಲಿ ಲಾಕ್ (ಒಬ್ಬರು ಮುಗಿಸುವ ತನಕ ಉಳಿದವರನ್ನು ತಡೆಯುವ ಬೀಗ) ಹಾಕಿರುತ್ತಾರೆ. ಲಾಕ್ ಇದ್ದಲ್ಲಿ ಎರರ್ ಹೋಗಿ ಹ್ಯಾಂಗ್ ಬರುತ್ತದೆ, ಅಷ್ಟೇ ವ್ಯತ್ಯಾಸ.

ಆಮೇಲೆ ವಿಂಗಡಣೆ. ಇದನ್ನು ಅವಸರದಲ್ಲಿ ಮಾಡಬೇಡಿ. ಎಡಿಟರ್ ಕೇಳುವ ಎಲ್ಲದಕ್ಕೂ ರನ್‌ಸ್ಪೇಸ್ ಬೇಕಾಗಿಲ್ಲ. ಔಟ್‌ಲೈನ್, ಕೋಡ್ ಮಡಚುವುದು, ಫೈಲಿನೊಳಗೆ ಫಂಕ್ಷನ್ ಹುಡುಕುವುದು, ಇವಕ್ಕೆಲ್ಲ ಪಾರ್ಸರ್ (ಕೋಡನ್ನು ಓಡಿಸದೆ ಅದರ ರಚನೆ ಓದುವ ಭಾಗ) ಸಾಕು. ಪಾರ್ಸರ್ ಯಾವ ಥ್ರೆಡ್‌ನಲ್ಲಿ ಬೇಕಾದರೂ ಓಡುತ್ತದೆ. ಕೋಡಿನ ತಪ್ಪು ಹುಡುಕುವ ಸ್ಕ್ರಿಪ್ಟ್ ಅನಲೈಜರ್‌ಗೆ ಬೇರೆಯೇ ರನ್‌ಸ್ಪೇಸ್ ಪೂಲ್ ಕೊಡಿ. ನಿಜವಾಗಿ ಮುಖ್ಯ ರನ್‌ಸ್ಪೇಸ್ ಬೇಕಾಗುವುದು ಕಂಪ್ಲೀಷನ್, ಹೋವರ್‌ನಲ್ಲಿ ಕಾಣುವ ಹೆಲ್ಪ್, ಡೀಬಗ್, ಬಳಕೆದಾರರು ಟರ್ಮಿನಲ್‌ನಲ್ಲಿ ಬರೆಯುವ ಕಮಾಂಡ್, ಇಷ್ಟಕ್ಕೆ. ನಮ್ಮಲ್ಲಿ ಔಟ್‌ಲೈನ್ ಕೂಡ ಸುಮ್ನೆ ಇದೇ ಸಾಲಿನಲ್ಲಿ ನಿಂತಿತ್ತು. ಅದನ್ನು ಹೊರಗೆ ಹಾಕಿದ ಮೇಲೆಯೇ ಅರ್ಧ ದೂರು ನಿಂತಿತು.

ಈಗ ಎಂಜಿನ್. ಒಂದು ಥ್ರೆಡ್ ಕೈಯಾರೆ ಸೃಷ್ಟಿಸಿ. ಥ್ರೆಡ್ ಪೂಲ್‌ನಿಂದ ಎರವಲು ತರಬೇಡಿ. ರನ್‌ಸ್ಪೇಸ್ ಇದೇ ಥ್ರೆಡ್‌ನಲ್ಲಿ ಹುಟ್ಟಲಿ, ಇಲ್ಲೇ ಸಾಯಲಿ. ರನ್‌ಸ್ಪೇಸ್‌ನ ಥ್ರೆಡ್ ಆಪ್ಷನ್ಸ್‌ನಲ್ಲಿ ಯೂಸ್ ಕರೆಂಟ್ ಥ್ರೆಡ್ ಅಂತ ಕೊಡಿ, ಇಲ್ಲದಿದ್ದರೆ ಅದು ಇನ್ನೊಂದು ಥ್ರೆಡ್ ತೆರೆಯಬಹುದು. ಡೀಫಾಲ್ಟ್ ರನ್‌ಸ್ಪೇಸ್ ಎಂಬುದು ಪ್ರತಿ ಥ್ರೆಡ್‌ಗೂ ಪ್ರತ್ಯೇಕ, ಅದನ್ನೂ ಇಲ್ಲೇ ಸೆಟ್ ಮಾಡಬೇಕು. ಮಿಕ್ಕವರೆಲ್ಲ ಕೆಲಸವನ್ನು ಕ್ಯೂಗೆ ಹಾಕಿ ಟಾಸ್ಕ್ (ಉತ್ತರ ಆಮೇಲೆ ಕೊಡುವ ಚೀಟಿ) ಪಡೆದುಕೊಂಡು ಕಾಯಲಿ. ಆ ಟಾಸ್ಕ್‌ಗೆ ಉತ್ತರ ತುಂಬುವ ಟಾಸ್ಕ್ ಕಂಪ್ಲೀಷನ್ ಸೋರ್ಸ್ ಮಾಡುವಾಗ ಮುಂದಿನ ಕೋಡ್ ಅಸಿಂಕ್ರೋನಸ್ ಆಗಿ ಓಡುವ ಆಪ್ಷನ್ ಕೊಡಲೇಬೇಕು. ಕೊಡದಿದ್ದರೆ ಎಂತಾಗುತ್ತದೆ ಗೊತ್ತುಂಟಾ? ಉತ್ತರಕ್ಕೆ ಕಾಯುತ್ತಿದ್ದವರ ಕೋಡ್ ನಿಮ್ಮ ಪೈಪ್‌ಲೈನ್ ಥ್ರೆಡ್ ಮೇಲೆಯೇ ಹತ್ತಿ ಕೂರುತ್ತದೆ. ಅಲ್ಲಿಂದ ಅದು ಮತ್ತೊಂದು ಕೆಲಸ ಕ್ಯೂಗೆ ಹಾಕಿ ರಿಸಲ್ಟ್‌ಗೆ ಕಾದು ನಿಂತರೆ ಮುಗಿಯಿತು, ಕ್ಯೂ ಎಂದಿಗೂ ಕದಲುವುದಿಲ್ಲ.

ಕ್ಯೂ ಬರೀ ಬಂದವರ ಸರದಿಯಾದರೆ ಸಾಲದು. ಸುರತ್ಕಲ್‌ನಿಂದ ಉಡುಪಿಗೆ ರೈಲಿನಲ್ಲಿ ಓಡಾಡುವವರಿಗೆ ಕ್ರಾಸಿಂಗ್ ಗೊತ್ತು. ಹಳಿ ಒಂದೇ. ಎದುರಿಂದ ಎಕ್ಸ್‌ಪ್ರೆಸ್ ಬರುವುದಿದ್ದರೆ ಲಾರಿ ಹೊತ್ತ ರೋ-ರೋ ಮುಲ್ಕಿಯಲ್ಲೋ ಪಡುಬಿದ್ರಿಯಲ್ಲೋ ಬದಿಗೆ ನಿಲ್ಲುತ್ತದೆ. ನಮ್ಮಲ್ಲೂ ಹಾಗೇ ಮಾಡಬೇಕು. ಕ್ಯೂಗೆ ಎರಡು ತುದಿಯಿಂದಲೂ ಸೇರಿಸಲು ಬರಬೇಕು. ಬಳಕೆದಾರರು ಸ್ಕ್ರಿಪ್ಟ್ ಓಡಿಸಲು ಎಫ್5 ಒತ್ತಿದರೆ ಅದು ಮುಂದಿನಿಂದ ಸೇರಲಿ, ಪ್ರಾಂಪ್ಟ್‌ನಲ್ಲಿ ಕೀಲಿಗೆ ಕಾಯುತ್ತಿರುವ ಕೆಲಸ ಜಾಗ ಬಿಡಲಿ. ಕಂಪ್ಲೀಷನ್‌ನಂಥ ಸಣ್ಣ ಕೆಲಸಕ್ಕೆ ಪ್ರಾಂಪ್ಟ್ ಕಿತ್ತುಹಾಕುವುದು ಜಾಸ್ತಿಯಾಯಿತು, ಕಣ್ಣೆದುರೇ ಸಾಲು ಮಿನುಗುತ್ತದೆ. ಟರ್ಮಿನಲ್‌ನಲ್ಲಿ ಬರೆದದ್ದನ್ನು ಓದುವ ಪಿಎಸ್‌ರೀಡ್‌ಲೈನ್ ಕೀಲಿಗೆ ಕಾಯುವಾಗ ಸುಮಾರು 300 ಮಿಲಿಸೆಕೆಂಡಿಗೊಮ್ಮೆ ಎದ್ದು ನೋಡಿ, ಬಿಡುವಿದ್ದರೆ ಆನ್‌ಐಡಲ್ ಈವೆಂಟ್ ಎಬ್ಬಿಸುತ್ತದೆ. ಸಣ್ಣಪುಟ್ಟ ಕೆಲಸ ಅದರೊಳಗೆ ಮುಗಿಸಿ.

ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು ನಿಲ್ಲಿಸುವ ಕೆಲಸ. ಪವರ್‌ಶೆಲ್ ನಿಂತಿರುವ ಡಾಟ್‌ನೆಟ್‌ನಲ್ಲಿ ಕೀಲಿ ಓದುವ ಕನ್ಸೋಲ್ ರೀಡ್‌ಕೀ ಕ್ಯಾನ್ಸಲೇಷನ್ ಟೋಕನ್ (ನಿಲ್ಲು ಎಂದು ತಿಳಿಸುವ ಗುರುತು) ತೆಗೆದುಕೊಳ್ಳುವುದೇ ಇಲ್ಲ. ಒಳಗೆ ಹೋದ ಥ್ರೆಡ್ ಯಾರಾದರೂ ಕೀಲಿ ಒತ್ತುವ ತನಕ ಹೊರಗೆ ಬರುವುದಿಲ್ಲ. ಹಾಗಾಗಿ ಕೀಲಿ ಬಂದಿದೆಯಾ ಅಂತ ಆಗಾಗ ಕೇಳಿ, ಬಂದಿದ್ದರೆ ಮಾತ್ರ ಓದಿ, ನಡುವೆ ಟೋಕನ್ ನೋಡಿ. ಎರಡು ಸಲ ಕೇಳುವ ನಡುವಿನ ನಿದ್ದೆಯ ಅವಧಿ ತೀರಾ ಚಿಕ್ಕದಾದರೆ ಲ್ಯಾಪ್‌ಟಾಪ್ ಫ್ಯಾನ್ ಕೂಗುತ್ತದೆ, ದೊಡ್ಡದಾದರೆ ಟೈಪಿಂಗ್ ಎಳೆಯುತ್ತದೆ. ಬಳಕೆದಾರರು ಟೈಪ್ ಮಾಡುತ್ತಿರುವಾಗ ಚಿಕ್ಕದು, ಸುಮ್ಮನಿದ್ದಾಗ ದೊಡ್ಡದು ಇಡಿ. ಓಡುತ್ತಿರುವ ಸ್ಕ್ರಿಪ್ಟ್ ನಿಲ್ಲಿಸಲು ಸ್ಟಾಪ್ ಅನ್ನು ಬೇರೆ ಥ್ರೆಡ್‌ನಿಂದ ಕರೆಯಿರಿ. ಅದೂ ಸ್ಕ್ರಿಪ್ಟ್ ನಿಲ್ಲುವವರೆಗೆ ಕಾಯುತ್ತದೆ, ಎಡಿಟರ್‌ನ ಮೆಸೇಜ್ ಓದುವ ಥ್ರೆಡ್‌ನಿಂದ ಮಾತ್ರ ಕರೆಯಬೇಡಿ ಮಾರಾಯ್ರೇ. ಎಡಿಟರ್ ತಾನೇ ರದ್ದು ಮಾಡಿದ ಕೋರಿಕೆಗೆ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್‌ನಲ್ಲಿ (ಎಡಿಟರ್ ಮತ್ತು ಭಾಷೆಯ ಸರ್ವರ್ ಮಾತಾಡುವ ನಿಯಮ) -32800 ಎಂಬ ಎರರ್ ಕೋಡ್ ಇದೆ, ಅದನ್ನು ಕಳಿಸಿ. ಖಾಲಿ ಪಟ್ಟಿ ಕಳಿಸಿದರೆ ಎಡಿಟರ್ ಅದನ್ನೇ ಸರಿಯಾದ ಉತ್ತರ ಅಂದುಕೊಳ್ಳುತ್ತದೆ.

ಬ್ರೇಕ್‌ಪಾಯಿಂಟ್‌ಗೆ (ಡೀಬಗ್ ಮಾಡುವಾಗ ಸ್ಕ್ರಿಪ್ಟ್ ನಿಲ್ಲಲು ಗುರುತಿಟ್ಟ ಸಾಲು) ತಾಗಿದಾಗ ಪೈಪ್‌ಲೈನ್ ಥ್ರೆಡ್ ಡೀಬಗರ್‌ನ ಈವೆಂಟ್ ಒಳಗೇ ನಿಂತಿರುತ್ತದೆ. ಅಲ್ಲಿಂದಲೇ ಕ್ಯೂ ಓದುವ ಇನ್ನೊಂದು ಲೂಪ್ ಶುರು ಮಾಡಬೇಕು, ಇಲ್ಲದಿದ್ದರೆ ವೇರಿಯಬಲ್ ನೋಡಲೂ ಆಗುವುದಿಲ್ಲ. ಹೀಗೆ ಲೂಪ್ ಮೇಲೆ ಲೂಪ್ ಪೇರಿಸುತ್ತಾ ಹೋಗುತ್ತದೆ. ಪ್ರತಿಯೊಂದಕ್ಕೂ ಅದರದೇ ಕ್ಯಾನ್ಸಲೇಷನ್ ಟೋಕನ್ ಕೊಟ್ಟು ಸ್ಟ್ಯಾಕ್‌ನಲ್ಲಿಡಿ. ಕಂಟ್ರೋಲ್ ಸಿ ಒತ್ತಿದರೆ ಓಡುತ್ತಿರುವ ಕಮಾಂಡ್‌ಗೆ ಮಾತ್ರ ತಾಗಲಿ. ಕಂಟಿನ್ಯೂ ಒತ್ತಿದರೆ ಮೇಲಿನ ಲೂಪ್ ಮಾತ್ರ ಹೊರಬರಲಿ.

ಪರೀಕ್ಷೆಗೆ ದೊಡ್ಡ ಸ್ಕ್ರಿಪ್ಟ್ ಬೇಡ. ಟರ್ಮಿನಲ್‌ನಲ್ಲಿ ಸ್ಟಾರ್ಟ್-ಸ್ಲೀಪ್ 60 ಕೊಟ್ಟು, ಅದು ಮಲಗಿರುವಾಗ ಔಟ್‌ಲೈನ್ ತೆರೆಯಿರಿ, ತಕ್ಷಣ ಬರಬೇಕು. ಕಂಪ್ಲೀಷನ್ ಕೇಳಿ, ಅದು ಕಾಯಬಹುದು, ಆದರೆ ಬೇರೆ ಅಕ್ಷರ ಒತ್ತಿದ ಕೂಡಲೇ ಹಳೆಯ ಕೋರಿಕೆ ಕ್ಯೂನಿಂದ ಬಿದ್ದುಹೋಗಬೇಕು. ಕಂಟ್ರೋಲ್ ಸಿ ಒತ್ತಿ, ಪ್ರಾಂಪ್ಟ್ ಒಂದೇ ಸಲ ಮೂಡಬೇಕು. ಎರಡು ಪ್ರಾಂಪ್ಟ್ ಬಂದರೆ ಎಲ್ಲೋ ಎರಡು ಲೂಪ್ ಒಟ್ಟಿಗೆ ಓದುತ್ತಿವೆ ಅಂತ ಅರ್ಥ. ಇದನ್ನೇ ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಾಗಲೂ ಮಾಡಿ. ವಿಂಡೋಸ್ ಒಂದರಲ್ಲೇ ನೋಡಿ ಮುಗಿಸಬೇಡಿ. ಲಿನಕ್ಸ್‌ನಲ್ಲಿ ಒಂದು ಥ್ರೆಡ್ ರೀಡ್‌ಕೀ ಒಳಗಿದ್ದರೆ ಕರ್ಸರ್ ಎಲ್ಲಿದೆ ಅಂತ ಕೇಳುವ ಇನ್ನೊಂದು ಥ್ರೆಡ್ ಕೂಡ ಸಿಕ್ಕಿಬೀಳುತ್ತದೆ.

ಹಳೆಯ ಎಂಜಿನ್ ಕೂಡ ಇರಲಿ, ಸೆಟ್ಟಿಂಗ್‌ನಲ್ಲಿ ಬದಲಾಯಿಸಿಕೊಳ್ಳಲಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಒಪ್ಪಲಿಲ್ಲ. ಎರಡನ್ನೂ ಇಟ್ಟರೆ ಲಾಕ್‌ಗಳನ್ನೂ ಇಡಬೇಕಾಗುತ್ತದೆ. ಪ್ರಿವ್ಯೂ ಅಂತ ಪ್ರತ್ಯೇಕ ಎಕ್ಸ್‌ಟೆನ್ಷನ್ ಮಾಡಿ ಜಾಸ್ತಿ ಗೊಣಗುವವರಿಗೇ ಮೊದಲು ಕೊಡಿ, ಥ್ರೆಡ್ ಐಡಿಯ ಲಾಗ್ ಮಾತ್ರ ಅದರಲ್ಲಿ ಆನ್ ಇರಲಿ.