ಮುಟ್ಟು ನಿಲ್ಲುವ ಹೊತ್ತಿಗೆ ನನ್ನ ಚರ್ಮದ ಆರೈಕೆಯನ್ನು ಬದಲಾಯಿಸಿಕೊಂಡ ಬಗೆ

ನಾನು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಒಂದು ಸಣ್ಣ ಲೇಡೀಸ್ ಪಾರ್ಲರ್ ನಡೆಸುತ್ತೇನೆ. ಬರುವವರಲ್ಲಿ ಮರಾಠಿಗರು ಜಾಸ್ತಿ, ನಮ್ಮ ಕನ್ನಡದವರೂ ಸಾಕಷ್ಟು ಜನ. ಹುಬ್ಬಳ್ಳಿ ಕಡೆಯವರು, ಕುಂದಾಪುರ ಕಡೆಯವರು ಎಲ್ಲ ಇದ್ದಾರೆ. 45 ದಾಟಿದವರು ಕುರ್ಚಿಯಲ್ಲಿ ಕೂತ ಕೂಡಲೇ ಹೇಳುವುದು ಒಂದೇ ಮಾತು: "ಮುಖ ಯಾಕೋ ಮಂಕಾಗಿದೆ, ಒಳ್ಳೆ ಫೇಶಿಯಲ್ ಮಾಡಿ." ಅವರಿಗೆ ನಾನು ಮೊದಲು ಕೇಳುವುದು ಮುಟ್ಟಿನ ವಿಷಯ. ಸರಿಯಾಗಿ ಬರ್ತಾ ಇದೆಯಾ, ತಪ್ಪುತ್ತಾ ಇದೆಯಾ, ರಾತ್ರಿ ಮೈಯೆಲ್ಲ ಬೆವತು ಎಚ್ಚರ ಆಗುತ್ತಾ? ಕೆಲವರಿಗೆ ಮುಜುಗರ ಆಗುತ್ತದೆ. ಆದರೂ ಕೇಳುತ್ತೇನೆ. ತಪ್ಪುತ್ತಾ ಇದೆ, ಬೆವರುತ್ತದೆ ಅಂತಾದರೆ ಬ್ಲೀಚು, ಸ್ಕ್ರಬ್ಬು ಎರಡನ್ನೂ ಆಚೆ ಇಡುತ್ತೇನೆ.

ನನಗೆ ಇದು ಶುರುವಾದದ್ದು 47ರ ಹೊತ್ತಿಗೆ. ಕೆನ್ನೆ ತೊಳೆದ ತಕ್ಷಣ ಬಿಗಿಯುತ್ತಿತ್ತು, ದವಡೆಯ ಅಂಚಿನಲ್ಲಿ ಮಾತ್ರ ನೋವಿನ ಮೊಡವೆ. ಗಲ್ಲದಲ್ಲಿ ದಪ್ಪ ಕೂದಲು ಒಂದೊಂದೇ ಬರತೊಡಗಿತು. ಮೊಣಕಾಲಿನ ಕೆಳಗೆ ರಾತ್ರಿ ಹೊತ್ತು ವಿಪರೀತ ನವೆ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನಿಂತಾಗ ಎದೆಯಿಂದ ಬಿಸಿ ಎದ್ದು ಮುಖಕ್ಕೆ ಹತ್ತುತ್ತಿತ್ತು, ಬೆವರು ಸುರಿಯುತ್ತಿತ್ತು, ಆಮೇಲೆ ಉಪ್ಪು ಒಣಗಿ ಚರ್ಮ ಉರಿಯುತ್ತಿತ್ತು. ಮುಂಬೈ ಕಡೆ ಇರುವವರಿಗೆ ಇಲ್ಲೇ ಗೊಂದಲ. ಗಾಳಿಯಲ್ಲೇ ಇಷ್ಟು ತೇವ ಇರುವಾಗ, ಮೈಯೆಲ್ಲ ಅಂಟಂಟು ಇರುವಾಗ, ನನ್ನ ಚರ್ಮ ಒಣಗಿದೆ ಅಂತ ಯಾರಿಗೆ ಅನ್ನಿಸುತ್ತದೆ? ಅನ್ನಿಸದೆ ಇನ್ನೊಂದು ಸಲ ಸೋಪು ಹಾಕಿ ತೊಳೆಯುತ್ತಾರೆ. ಮೇಲೆ ಇರುವುದು ಬೆವರು, ಒಳಗೆ ಚರ್ಮ ಒಣಗಿಯೇ ಇರುತ್ತದೆ. ದಿನವಿಡೀ ಎಸಿ ಆಫೀಸಿನಲ್ಲಿ ಕೂರುವವರಿಗೆ ಇನ್ನೂ ಜಾಸ್ತಿ.

ಕಾರಣ ಈಸ್ಟ್ರೊಜೆನ್ ಅನ್ನುವ ಹೆಣ್ಣು ಹಾರ್ಮೋನು. ಅದು ಇಳಿದಾಗ ಚರ್ಮದ ಎಣ್ಣೆ ಕಡಿಮೆ ಆಗುತ್ತದೆ, ನೀರು ಹಿಡಿದಿಡುವ ಶಕ್ತಿಯೂ ಕುಗ್ಗುತ್ತದೆ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಮುಟ್ಟು ನಿಂತ ಮೊದಲ 5 ವರ್ಷದಲ್ಲೇ ಸುಮಾರು 30 ಶೇಕಡ ಹೋಗುತ್ತದೆ. ಗಂಡು ಹಾರ್ಮೋನು ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ, ಅದರ ಕೈ ಮೇಲಾಗುತ್ತದೆ. ಗಲ್ಲದ ಕೂದಲು, ದವಡೆಯ ಮೊಡವೆ ಬರುವುದು ಅದಕ್ಕೇ. ಮುಚ್ಚದೆ ಬಿಟ್ಟ ಚಪಾತಿ ಹಿಟ್ಟು ಮೇಲೆ ಪೊರೆ ಕಟ್ಟಿ ಬಿರಿಯುತ್ತದಲ್ಲ, ಈ ವಯಸ್ಸಿನ ಚರ್ಮ ಹಾಗೆ. ಅದನ್ನು ಮತ್ತೆ ಉಜ್ಜಿದರೆ ಬಿರುಕು ಜಾಸ್ತಿಯಾಗುತ್ತದೆ ಅಷ್ಟೇ, ಮುಚ್ಚಿಡಬೇಕು.

ಹಾಗಾಗಿ ನಾನು ಮೊದಲು ಮಾಡಿದ್ದು ಬಿಡುವ ಕೆಲಸ. ನೊರೆ ಬರುವ ಫೇಸ್‌ವಾಶ್ ಬಿಟ್ಟೆ. ಕಡಲೆಹಿಟ್ಟು, ನಿಂಬೆರಸ, ವಾಲ್‌ನಟ್ ಸ್ಕ್ರಬ್, ಪರಿಮಳದ ಟೋನರ್ ಎಲ್ಲ ಬಿಟ್ಟೆ. ಕಡಲೆಹಿಟ್ಟು ನಮ್ಮ ಅಜ್ಜಿಯ ಕಾಲದಿಂದ ಬಂದದ್ದು ನಿಜ, ಎಣ್ಣೆ ಸುರಿಯುವ ಹದಿನೆಂಟರ ಮುಖಕ್ಕೆ ಅದು ಹೊಂದುತ್ತದೆ. ಇದ್ದಬದ್ದ ಎಣ್ಣೆಯನ್ನೂ ಹೀರಿಕೊಳ್ಳುವ ಹಿಟ್ಟು ಐವತ್ತರ ಮುಖಕ್ಕೆ ಬೇಡ. ನಿಂಬೆರಸವಂತೂ ಯಾವ ವಯಸ್ಸಿಗೂ ಬೇಡ, ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ.

ಈಗ ಬೆಳಿಗ್ಗೆ ಬರೀ ನೀರಿನಲ್ಲಿ ಮುಖ ತೊಳೆಯುತ್ತೇನೆ. ರಾತ್ರಿ ನೊರೆ ಬರದ ಕ್ರೀಮ್ ಥರದ ಕ್ಲೆನ್ಸರ್. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಸುಡುವ ನೀರು ಬೇಡ. ಟವೆಲ್‌ನಿಂದ ಒತ್ತಿ ಒರೆಸಿ, ಮೈ ಇನ್ನೂ ಒದ್ದೆ ಇರುವಾಗಲೇ, ಬಾತ್‌ರೂಮಿನಿಂದ ಹೊರಗೆ ಬರುವ ಮುಂಚೆಯೇ ಮಾಯಿಶ್ಚರೈಸರ್. ಈ "ಒದ್ದೆ ಇರುವಾಗ" ಅನ್ನೋದೇ ಮುಖ್ಯ. ಸೆರಮೈಡ್ (ಚರ್ಮದಲ್ಲೇ ಇರುವ ಕೊಬ್ಬಿನಂಥ ಅಂಶ), ಗ್ಲಿಸರಿನ್ ಇರುವ, ಪರಿಮಳ ಇಲ್ಲದ ಕ್ರೀಮು ಸಾಕು, ದುಬಾರಿ ಬೇಕಾಗಿಲ್ಲ. ಮೇ ತಿಂಗಳಲ್ಲಿ ಕ್ರೀಮು ಅಂಟುತ್ತದೆ ಅನ್ನಿಸಿದರೆ ಮುಖಕ್ಕೆ ಜೆಲ್ ಥರದ್ದು, ಮೈಗೆ ಲೋಷನ್. ಮೊಣಕಾಲಿನ ಕೆಳಗೆ, ಹಿಮ್ಮಡಿಗೆ ರಾತ್ರಿ ಮಲಗುವಾಗ ಅದರ ಮೇಲೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ. ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಕೈಕಾಲಿಗೆ ಧಾರಾಳವಾಗಿ ಹಚ್ಚಿ, ಅದೂ ಒದ್ದೆ ಮೈಗೆ. ಮೊಡವೆ ಬರುವ ಮುಖಕ್ಕೆ ಬೇಡ.

ಇಷ್ಟೇ ಮಾಡಿಕೊಂಡು ಸುಮ್ನೆ ಕೆಲವು ವಾರ ಇದ್ದೆ. ಸೀರಮ್ ಇಲ್ಲ, ಪ್ಯಾಕ್ ಇಲ್ಲ. ಉರಿ ನಿಂತಿತು, ನವೆ ಅರ್ಧಕ್ಕೆ ಇಳಿಯಿತು. ಆಮೇಲೆ ಸನ್‌ಸ್ಕ್ರೀನ್ ಕಡೆ ತಿರುಗಿದೆ. ಚರ್ಮ ಉರಿಯುತ್ತಿರುವಾಗ ಸನ್‌ಸ್ಕ್ರೀನೂ ಚುರುಗುಟ್ಟುತ್ತದೆ, ಹಾಗಾಗಿ ಈ ಕ್ರಮ. ಎಸ್‌ಪಿಎಫ್, ಅಂದರೆ ಬಿಸಿಲು ತಡೆಯುವ ಅಳತೆ, 30ಕ್ಕಿಂತ ಕಡಿಮೆ ಬೇಡ, ಮುಖ ಕತ್ತು ಎರಡಕ್ಕೂ ಸೇರಿ ಎರಡು ಬೆರಳುದ್ದ. ಕತ್ತು ಮರೆಯಬೇಡಿ, ನನ್ನ ಕುರ್ಚಿಯಲ್ಲಿ ಕೂರುವ ಹೆಂಗಸರ ವಯಸ್ಸು ನನಗೆ ಮೊದಲು ಕಾಣುವುದು ಕತ್ತಿನಲ್ಲಿ. ನಮ್ಮ ಬಣ್ಣಕ್ಕೆ ಬಿಳಿ ಬಿಳಿ ಕೂರದಂಥ ಟಿಂಟೆಡ್ ಸನ್‌ಸ್ಕ್ರೀನ್ ಒಳ್ಳೆಯದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಭಂಗು (ಮುಖದ ಮೇಲಿನ ಕಂದು ಕಲೆ) ಇರುವವರಿಗೆ ಅದು ಬೇಕೇ ಬೇಕು. ಹೊರಗೆ ಇದ್ದರೆ 2 ಗಂಟೆಗೊಮ್ಮೆ ಮತ್ತೆ. ಬಿಸಿ ಎದ್ದು ಬೆವತಾಗ ನಾನು ಉಜ್ಜುವುದಿಲ್ಲ. ಹತ್ತಿ ಕರ್ಚೀಫಿನಿಂದ ಒತ್ತಿ ತೆಗೆದು ಮತ್ತೆ ಹಚ್ಚಿಕೊಳ್ಳುತ್ತೇನೆ.

ಸುಕ್ಕಿಗೆ ಹಚ್ಚುವ, ವಿಟಮಿನ್ ಎ ಜಾತಿಯ ರೆಟಿನಾಲ್‌ಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಮೊನ್ನೆ ಒಬ್ಬರು, ಧಾರವಾಡದವರು, "ಅಕ್ಕಾರ, ಮಗಳು ಸೀರಮ್ ತರಿಸಿ ಕೊಟ್ಟಾಳ, ದಿನಾ ಹಚ್ಚಿಕೊಳ್ಳಲೇನ್ರಿ?" ಅಂದರು. ನೋಡಿದರೆ 1 ಶೇಕಡ ರೆಟಿನಾಲ್! ತೆಳುವಾದ ಚರ್ಮಕ್ಕೆ ಅಷ್ಟು ತೀಕ್ಷ್ಣವಾದದ್ದರಿಂದ ಶುರು ಮಾಡಬಾರದು. ನಾನು 0.2 ಶೇಕಡದಿಂದ ಶುರು ಮಾಡಿದೆ. ವಾರಕ್ಕೆ ಎರಡೇ ರಾತ್ರಿ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಮೊದಲು ಮಾಯಿಶ್ಚರೈಸರ್, ಮೇಲೆ ರೆಟಿನಾಲ್, ಅದರ ಮೇಲೆ ಮತ್ತೆ ಮಾಯಿಶ್ಚರೈಸರ್. ಕಣ್ಣಿನ ಸುತ್ತ, ಮೂಗಿನ ಮಗ್ಗುಲು, ತುಟಿಯ ಮೂಲೆ ಬಿಟ್ಟು. ಮೂರು ತಿಂಗಳಾದರೂ ಕಾಯಬೇಕು, ಅದಕ್ಕೂ ಮುಂಚೆ ಏನೂ ಕಾಣುವುದಿಲ್ಲ. ಇನ್ನೊಂದು ಮಾತು, ಇದನ್ನು ಬೇರೆಯವರು ಹೇಳುವುದು ಕಡಿಮೆ: ಸತತ 12 ತಿಂಗಳು ಮುಟ್ಟು ಬರದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ. ಅಲ್ಲಿಯವರೆಗೆ ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇದೆ, ಗರ್ಭಿಣಿಯರು ರೆಟಿನಾಲ್ ಹಚ್ಚಬಾರದು.

ಪಾರ್ಲರಿಗೆ ಹೋಗುವವರು ಇದನ್ನು ಗಮನಿಸಿ. ರೆಟಿನಾಲ್ ಹಚ್ಚುವ ಮುಖಕ್ಕೆ ವ್ಯಾಕ್ಸ್ ಹಾಕಿದರೆ ಕೂದಲಿನ ಜೊತೆ ಚರ್ಮವೂ ಕಿತ್ತು ಬರಬಹುದು. ಅಪ್ಪರ್ ಲಿಪ್, ಗಲ್ಲ ಮಾಡಿಸುವುದಾದರೆ ಒಂದು ವಾರ ಮುಂಚೆಯೇ ನಿಲ್ಲಿಸಿ, ಹುಡುಗಿಗೆ ಹೇಳಿ, ವ್ಯಾಕ್ಸ್ ಬದಲು ಥ್ರೆಡ್ಡಿಂಗ್ ಮಾಡಿಸಿ. ನನ್ನ ಗಲ್ಲದ ನಾಲ್ಕು ಕೂದಲನ್ನು ನಾನು ಚಿಮಟದಲ್ಲೇ ತೆಗೆಯುತ್ತೇನೆ.

ಹಣೆಯ ವಿಷಯ. ಸ್ಟಿಕ್ಕರ್ ಬಿಂದಿಯನ್ನು ವರ್ಷಗಟ್ಟಲೆ ಇಟ್ಟವರಿಗೆ ಈ ವಯಸ್ಸಿನಲ್ಲಿ ಅದೇ ಜಾಗದಲ್ಲಿ ನವೆ ಶುರುವಾಗುವುದನ್ನು ನಾನು ಬಹಳ ನೋಡಿದ್ದೇನೆ. ಕೆಲವು ಬಿಂದಿಗಳ ಅಂಟಿನಲ್ಲಿ ಪ್ಯಾರಾ ಟರ್ಷರಿ ಬ್ಯುಟೈಲ್ ಫೀನಾಲ್ ಅನ್ನುವ ರಾಸಾಯನಿಕ ಇರುತ್ತದೆ, ಅದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಸಾಯಿಸಿ ಬಿಳಿ ಮಚ್ಚೆ ಮಾಡಬಲ್ಲದು. ನವೆ ಬಂದರೆ ಅದೇ ದಿನ ತೆಗೆಯಿರಿ. ನಾನು ಮನೆಯಲ್ಲಿ ಬರಿಹಣೆಯಲ್ಲೇ ಇರುತ್ತೇನೆ. ಹೊರಗೆ ಹೋಗುವಾಗ ಐಬ್ರೋ ಪೆನ್ಸಿಲಿನಿಂದ ಒಂದು ಚುಕ್ಕೆ. ಅತ್ತೆಯವರು ಮೊದಲು ಬೇಜಾರು ಮಾಡಿಕೊಂಡರು, ಹಣೆ ತೋರಿಸಿದ ಮೇಲೆ ಏನೂ ಅನ್ನಲಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಒಂದೇ ಕಡೆ. ಭಂಗಿನ ಕಲೆಗೆ ಅಂತ ಮೆಡಿಕಲ್‌ನಿಂದ ಚೀಟಿ ಇಲ್ಲದೆ ಟ್ಯೂಬ್ ತಂದು ತಿಂಗಳುಗಟ್ಟಲೆ ಹಚ್ಚುವುದು. ಅಂಥ ಎಷ್ಟೋ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ಹೊಳೆಯುತ್ತದೆ, ಪಕ್ಕದ ಮನೆಯವರೂ ಹೆಸರು ಕೇಳುತ್ತಾರೆ. ಆಮೇಲೆ ಚರ್ಮ ಇನ್ನೂ ತೆಳುವಾಗಿ ಕೆಂಪು ನರ ಕಾಣುತ್ತದೆ, ಬಿಟ್ಟರೆ ಉರಿ, ಹಚ್ಚದೆ ಇರಲಾಗದ ಸ್ಥಿತಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಅನ್ನುವ ಔಷಧಿ ಪಟ್ಟಿಗೆ ಸೇರಿಸಿತು. ಆದರೂ ಸಿಗುತ್ತವೆ. ಈಸ್ಟ್ರೊಜೆನ್ ಇಳಿದು ಮೊದಲೇ ತೆಳುವಾದ ಚರ್ಮಕ್ಕೆ ಇದು ಎರಡನೇ ಪೆಟ್ಟು. ದಯವಿಟ್ಟು ಬೇಡ. ಹಚ್ಚುತ್ತಾ ಇದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಎಲ್ಲ ನವೆಯೂ ಮುಟ್ಟಿನದ್ದೇ ಅಂತಲೂ ಅಲ್ಲ. ಥೈರಾಯ್ಡ್ ಕಡಿಮೆ ಇದ್ದರೂ, ಸಕ್ಕರೆ ಕಾಯಿಲೆ ಇದ್ದರೂ ಚರ್ಮ ಒಣಗಿ ನವೆ ಬರುತ್ತದೆ. ನಾನು ಎರಡನ್ನೂ ಪರೀಕ್ಷೆ ಮಾಡಿಸಿದೆ, ನೀವೂ ಮಾಡಿಸಿ.

ಪಾರ್ಲರಿನಲ್ಲಿ ಬೇರೆ ಯಾರೂ ಇಲ್ಲದಾಗ ಹೆಂಗಸರು ದನಿ ತಗ್ಗಿಸಿ ಕೇಳುವ ಇನ್ನೊಂದು ವಿಷಯ ಇದೆ, ಅದನ್ನೂ ಬರೆದುಬಿಡುತ್ತೇನೆ. ಕೆಳಗಿನ ಜಾಗವೂ ಒಣಗುತ್ತದೆ, ಉರಿಯುತ್ತದೆ, ಗಂಡನ ಜೊತೆ ಇರುವುದು ನೋವಾಗುತ್ತದೆ. ಅಲ್ಲಿನ ಚರ್ಮಕ್ಕೂ ಇದೇ ಈಸ್ಟ್ರೊಜೆನ್ ಬೇಕು. ಪರಿಮಳದ ಇಂಟಿಮೇಟ್ ವಾಶ್ ಬೇಡ, ಹೊರಗಿನ ಭಾಗಕ್ಕೆ ಬರೀ ನೀರು ಸಾಕು. ಸ್ತ್ರೀರೋಗ ತಜ್ಞರು ಅಲ್ಲಿಗೇ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಬರೆದು ಕೊಡುತ್ತಾರೆ, ಬಹಳ ಜನರಿಗೆ ಅದರಿಂದ ಆರಾಮ ಸಿಗುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ಅವರಿಗೇ ತೋರಿಸಿ.