ಅಜ್ಜಿಯ ಬೆನ್ನಿನಿಂದ ಮೊಮ್ಮಗನ ಮೈಗೆ: ವೈರಸ್ ಜೊತೆ ದಿನ ಎಣಿಸಿದ ನನ್ನ ಅನುಭವ

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. 15 ವರ್ಷ ಆಯಿತು. ಜ್ವರ, ಗುಳ್ಳೆ, ವಾಂತಿ ನೋಡಿ ನೋಡಿ ಕಣ್ಣು ಪಳಗಿದೆ ಅಂತ ಒಂದು ಜಂಬ ಇತ್ತು. ಅದು ಇಳಿದದ್ದು ನಮ್ಮ ಮನೆಯಲ್ಲೇ, ನಮ್ಮ ಅತ್ತೆಯ ಬೆನ್ನಿನ ಮೇಲೆ.

ಒಂದು ದಿನ ಅತ್ತೆ ಬೆನ್ನಿನ ಬಲಗಡೆ ಉರಿ ಅಂದರು. ನೋಡಿದೆ, ಚರ್ಮದ ಮೇಲೆ ಏನೂ ಇರಲಿಲ್ಲ. ಮಲಗಿದ್ದು ಸರಿಯಿಲ್ಲ, ಉಳುಕಿರಬೇಕು ಅಂತ ಹೇಳಿ ಡ್ಯೂಟಿಗೆ ಹೋದೆ. ಮಾರನೇ ದಿನವೂ ಅದೇ ದೂರು. "ಸೀರೆ ತಾಗಿದರೂ ಸೂಜಿ ಚುಚ್ಚಿದ ಹಾಗಾಗುತ್ತೆ ಕಣೇ." ಇದೇ ಮಾತನ್ನು ಆಸ್ಪತ್ರೆಯಲ್ಲಿ ಯಾರಾದರೂ ಹೇಳಿದ್ದರೆ ನನಗೆ ತಟ್ಟನೆ ಹೊಳೆಯುತ್ತಿತ್ತು. ಮನೆಯವರು ಹೇಳಿದರೆ ಅರ್ಧ ಕಿವಿಯಲ್ಲಿ ಕೇಳುತ್ತೇವೆ, ಅಲ್ವಾ. ನಾಲ್ಕನೇ ದಿನ ಸಂಜೆ ಮತ್ತೆ ಬೆನ್ನು ನೋಡಿದೆ. ಬೆನ್ನುಮೂಳೆಯ ಹತ್ತಿರ ಶುರುವಾಗಿ ಪಕ್ಕೆಲುಬಿನ ಗುಂಟ ಹೊಟ್ಟೆಯ ಕಡೆಗೆ ನೀರುಗುಳ್ಳೆಗಳ ಗೊಂಚಲು. ಬಲಗಡೆ ಮಾತ್ರ, ಎಡಕ್ಕೆ ಒಂದೂ ದಾಟಿರಲಿಲ್ಲ. ಸರ್ಪಸುತ್ತು.

ಸರ್ಪಸುತ್ತು ಹೊರಗಿನಿಂದ ಬರುವ ರೋಗವಲ್ಲ. ಚಿಕ್ಕಂದಿನಲ್ಲಿ ಸೀತಾಳೆ, ಅಂದರೆ ಚಿಕನ್‌ಪಾಕ್ಸ್, ಬಂದುಹೋದವರ ಮೈಯಿಂದ ಆ ವೈರಸ್ ಹೊರಟುಹೋಗುವುದೇ ಇಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅವಿತು ಕೂತಿರುತ್ತದೆ. ವಯಸ್ಸಾದಾಗಲೋ, ಮೈಯ ತಡೆಯುವ ಶಕ್ತಿ ಕುಗ್ಗಿದಾಗಲೋ ಎದ್ದು, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಒಂದೇ ಪಕ್ಕ, ಒಂದೇ ಪಟ್ಟಿ. ಇಂಗ್ಲೆಂಡಿನ ಎಡ್ಗರ್ ಹೋಪ್-ಸಿಂಪ್ಸನ್ ಎಂಬ ಕುಟುಂಬ ವೈದ್ಯರು ತಮ್ಮ ಕ್ಲಿನಿಕ್ಕಿಗೆ ಬಂದವರ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟುಕೊಂಡು 1965ರಲ್ಲಿ ಈ ವಿಷಯವನ್ನು ಮುಂದಿಟ್ಟರು. ದೊಡ್ಡ ಲ್ಯಾಬ್ ಇರಲಿಲ್ಲ. ಯಾರಿಗೆ, ಯಾವಾಗ, ಎಷ್ಟನೇ ವಯಸ್ಸಿಗೆ ಅಂತ ಬರೆಯುತ್ತಾ ಹೋದದ್ದೇ ಅವರ ಬಂಡವಾಳ. ನನಗೆ ಅವರ ಮೇಲೆ ಸ್ವಲ್ಪ ಜಾಸ್ತಿಯೇ ಪ್ರೀತಿ.

ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಒಳ್ಳೆಯದು. ದಿನಕ್ಕೆ 5 ಸಲ, 7 ದಿನ. ಗುಳ್ಳೆಗಳ ಮೇಲೆ ಸಡಿಲವಾಗಿ ಬಟ್ಟೆ ಮುಚ್ಚಿದೆ. ಟವೆಲ್, ಹಾಸಿಗೆ ಬೇರೆ ಮಾಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ಮುಗಿಯುವ ದಿನಕ್ಕೆ ಪೆನ್ಸಿಲ್ ಗುರುತು ಹಾಕಿದೆ. ಎಲ್ಲ ಸರಿಯಾಗಿ ಮಾಡಿದೆ ಅಂದುಕೊಂಡೆ.

ಮಾತ್ರೆ ಶುರುವಾದ ಎಂಟನೇ ದಿನ ಊಟಕ್ಕೆ ಕೂತಾಗ ನನ್ನ 6 ವರ್ಷದ ಮಗ ಸುಮ್ನೆ ಮಾತಿಗೆ ಅಂತ ಹೇಳಿದ. "ಅಮ್ಮಾ, ಅಜ್ಜಿ ಬೆನ್ನಿನ ಗುಳ್ಳೆ ಮೊದಲು ನೋಡಿದ್ದು ನಾನು. ಮುಲಾಮು ಹಚ್ಚಿದಾಗ ಒಂದು ಪಟ್ ಅಂತ ಒಡೆಯಿತು."

ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

ನಾನು ನೋಡುವ ಹಿಂದಿನ ದಿನವೇ ಗುಳ್ಳೆ ಎದ್ದಿತ್ತು. ಅತ್ತೆ ನೋವಿನ ಮುಲಾಮು ಹಚ್ಚು ಅಂತ ಮೊಮ್ಮಗನನ್ನು ಕೂರಿಸಿಕೊಂಡಿದ್ದರು. ಸರ್ಪಸುತ್ತಿನವರಿಂದ ಇನ್ನೊಬ್ಬರಿಗೆ ಸರ್ಪಸುತ್ತು ಅಂಟುವುದಿಲ್ಲ, ನಿಜ. ಆದರೆ ಆ ಗುಳ್ಳೆಯ ನೀರು ತಾಗಿದವರಿಗೆ ಮೊದಲು ಸೀತಾಳೆ ಬಂದಿರದಿದ್ದರೆ, ಲಸಿಕೆಯೂ ಆಗಿರದಿದ್ದರೆ, ಸೀತಾಳೆ ಬರಬಹುದು. ನನ್ನ ಮಗನಿಗೆ ಆ ಲಸಿಕೆ ಆಗಿರಲಿಲ್ಲ. ಮುಂದಿನ ತಿಂಗಳು ಹಾಕಿಸೋಣ, ಈಗ ನೆಗಡಿ ಇದೆ, ಈಗ ಪರೀಕ್ಷೆ ಇದೆ ಅಂತ ಮುಂದೂಡುತ್ತಾ ಬಂದವಳು ನಾನೇ. ದಿನಾ ಬೇರೆಯವರ ಮಕ್ಕಳ ಲಸಿಕೆ ಕಾರ್ಡು ನೋಡಿ "ಯಾಕೆ ತಡ ಮಾಡಿದ್ರಿ" ಅಂತ ಕೇಳುವವಳು.

ವೈರಸ್ ತಾಗಿದ 3 ದಿನದೊಳಗೆ, ಹೆಚ್ಚೆಂದರೆ 5 ದಿನದೊಳಗೆ ಲಸಿಕೆ ಹಾಕಿದರೆ ಸೀತಾಳೆ ಬರದೇ ಇರಬಹುದು, ಬಂದರೂ ಹಗುರವಾಗಿ ಬರಬಹುದು. ನಮಗೆ ಆ ಅವಕಾಶ ತಪ್ಪಿತ್ತು. ಅತ್ತೆಗೆ ಔಷಧಿ, ಊಟ, ನಿದ್ದೆ ಎಲ್ಲ ವಿಚಾರಿಸಿದ್ದೆ. "ಯಾರಾದರೂ ಮುಟ್ಟಿದ್ರಾ?" ಅಂತ ಮಾತ್ರ ಕೇಳಿರಲಿಲ್ಲ.

ಆಗ ಕ್ಯಾಲೆಂಡರಿನ ಮುಂದೆ ನಿಂತು ಎಣಿಸಿದೆ. ಸೀತಾಳೆ ತಾಗಿದ ಮೇಲೆ ಹೊರಗೆ ಕಾಣಲು 10ರಿಂದ 21 ದಿನ ಬೇಕು, ಸಾಮಾನ್ಯವಾಗಿ ಎರಡು ವಾರದ ಆಸುಪಾಸು. ಹತ್ತನೇ ದಿನಕ್ಕೊಂದು ಗೆರೆ, ಇಪ್ಪತ್ತೊಂದಕ್ಕೊಂದು ಗೆರೆ. ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ಮಗು ಬೇರೆಯವರಿಗೆ ಹರಡಲು ಶುರು ಮಾಡಿರುತ್ತದೆ, ಆದ್ದರಿಂದ ಎಂಟನೇ ದಿನದಿಂದಲೇ ಹುಷಾರಾಗಿರಬೇಕು. ಶಾಲೆಗೆ ಫೋನ್ ಮಾಡಿ ವಿಷಯ ಹೇಳಿ ಮನೆಯಲ್ಲೇ ಇಟ್ಟುಕೊಂಡೆ. "ಏನೂ ಆಗಿಲ್ಲವಲ್ಲ, ಯಾಕೆ ರಜೆ?" ಅಂದರು. ಆಗುವ ಮುಂಚೆಯೇ ಹರಡುತ್ತೆ ಅಂತ ಮೂರು ಸಲ ಹೇಳಬೇಕಾಯಿತು.

ಹದಿನೈದನೇ ದಿನ ಬೆಳಿಗ್ಗೆ ಮೈ ಬೆಚ್ಚಗಿತ್ತು. ತಲೆ ಬಾಚುವಾಗ ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಅದರ ನೆತ್ತಿಯಲ್ಲಿ ನೀರು ತುಂಬಿತ್ತು. ಸಂಜೆಗೆ ಎದೆ, ಬೆನ್ನು, ಹೊಟ್ಟೆ. ಮರುದಿನ ನೋಡಿದರೆ ಒಂದೇ ಅಂಗೈ ಅಗಲದ ಜಾಗದಲ್ಲಿ ಹೊಸ ಕೆಂಪು ಚುಕ್ಕೆ, ನೀರುಗುಳ್ಳೆ, ಒಣಗಿದ ಹಕ್ಕಳೆ ಮೂರೂ ಇದ್ದವು. ಹೀಗೆ ಎಲ್ಲ ಹಂತವೂ ಒಟ್ಟಿಗೆ ಕಾಣುವುದೇ ಸೀತಾಳೆಯ ಗುರುತು. ಹಳೆಯ ಸಿಡುಬಿನಲ್ಲಿ, ಅದೇ 1980ರಲ್ಲಿ ಜಗತ್ತಿನಿಂದಲೇ ತೊಲಗಿತು ಅಂತ ಘೋಷಿಸಿದ ರೋಗದಲ್ಲಿ, ಮೈಯ ಒಂದು ಭಾಗದಲ್ಲಿ ಎಲ್ಲ ಗುಳ್ಳೆಗಳೂ ಒಂದೇ ಹಂತದಲ್ಲಿ ಇರುತ್ತಿದ್ದವು.

ಆದರೆ ಆ ಸಂಜೆ ನನ್ನ ತಲೆಯಲ್ಲಿ ಇದ್ದದ್ದು ಮಗನ ಗುಳ್ಳೆ ಅಲ್ಲ. ಹಿಂದಿನ ದಿನ ನನ್ನ ತಂಗಿ ಹೇಳದೇ ಕೇಳದೇ ಬಂದಿದ್ದಳು. ಇವನು ಅವಳ ತೊಡೆ ಮೇಲೆ ಒಂದು ಗಂಟೆ ಕೂತಿದ್ದ. ಅವಳು ಆಗ ನಾಲ್ಕು ತಿಂಗಳ ಗರ್ಭಿಣಿ. ಗರ್ಭಿಣಿಯರಿಗೆ ಸೀತಾಳೆ ಬಂದರೆ ನ್ಯುಮೋನಿಯಾ ಜೋರಾಗಿ ಬರಬಹುದು, ಮೊದಲ 20 ವಾರಗಳಲ್ಲಾದರೆ ಅಪರೂಪಕ್ಕೆ ಮಗುವಿಗೂ ಊನ ಆಗಬಹುದು. ಆ ಫೋನ್ ಮಾಡುವುದು ನನಗೆ ತುಂಬಾ ಕಷ್ಟವಾಯಿತು. ಅವಳಿಗೆ ಚಿಕ್ಕಂದಿನಲ್ಲಿ ಬಂದಿತ್ತೋ ಇಲ್ಲವೋ ನೆನಪಿಲ್ಲ, ಅಮ್ಮನಿಗೂ ನೆನಪಿಲ್ಲ. ಬೆಳಿಗ್ಗೆಯೇ ರಕ್ತ ಪರೀಕ್ಷೆ ಮಾಡಿಸಿದೆವು. ರಕ್ತದಲ್ಲಿ ಪ್ರತಿಕಾಯ, ಅಂದರೆ ವೈರಸ್ ತಡೆಯಲು ಮೈ ತಯಾರಿಸಿಕೊಳ್ಳುವ ಅಂಶ, ಇದ್ದರೆ ಭಯವಿಲ್ಲ. ಇಲ್ಲದಿದ್ದರೆ 10 ದಿನದೊಳಗೆ, ಎಷ್ಟು ಬೇಗ ಆದರೆ ಅಷ್ಟು ಬೇಗ, ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೊಡಬಹುದು. ಗರ್ಭಿಣಿಗೆ ಸೀತಾಳೆ ಲಸಿಕೆ ಹಾಕುವಂತಿಲ್ಲ, ಅದು ಜೀವಂತ ವೈರಸ್‌ನ ಲಸಿಕೆ. ಎರಡು ದಿನ ಕಾದೆವು. ಪ್ರತಿಕಾಯ ಇತ್ತು. ಅವಳು ನಕ್ಕಳು, ನಾನು ಅತ್ತುಬಿಟ್ಟೆ.

ಮಗನನ್ನು ನೋಡಿಕೊಂಡದ್ದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಉಗುರು ಚಿಕ್ಕದಾಗಿ ಕತ್ತರಿಸಿದೆ. ಉಗುರುಬೆಚ್ಚಗಿನ ನೀರಲ್ಲಿ ದಿನಾ ಸ್ನಾನ ಮಾಡಿಸಿದೆ, ಉಜ್ಜದೆ ಒತ್ತಿ ಒರೆಸಿದೆ. ಬಾಯೊಳಗೂ ಗುಳ್ಳೆ ಇದ್ದವು, ಆದ್ದರಿಂದ ಮೆತ್ತಗಿನ ಊಟ, ತಣ್ಣಗಿನ ನೀರು. ಜ್ವರಕ್ಕೆ ತೂಕ ನೋಡಿ ಪ್ಯಾರಸಿಟಮಾಲ್, ಅಷ್ಟೇ. ಮನೆಯ ಡಬ್ಬಿಯಲ್ಲಿ ಆಸ್ಪಿರಿನ್ ಇತ್ತು, ಅದನ್ನು ತೆಗೆದು ಮೇಲಿಟ್ಟೆ. ಸೀತಾಳೆ, ಫ್ಲೂ ಇರುವ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ರೈ ಸಿಂಡ್ರೋಮ್ ಎಂಬ ಕಾಯಿಲೆ ಬಂದು ಮಿದುಳು, ಲಿವರ್ ಎರಡೂ ಕೆಡಬಹುದು. ಸೀತಾಳೆಯಲ್ಲಿ ಐಬುಪ್ರೊಫೇನ್ ಕೂಡ ಬೇಡ, ಚರ್ಮದ ಸೋಂಕು ಆಳಕ್ಕೆ ಇಳಿಯುವ ಅಪಾಯ ಇದೆ. ಯಾರೋ ಪರಿಚಯದವರು ಹಳೇ ಆಂಟಿಬಯಾಟಿಕ್ ಸಿರಪ್ ಉಳಿದಿದೆ, ಕೊಡಲಾ ಅಂದರು. ಅದು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ, ವೈರಸ್‌ಗೆ ಅದರಿಂದ ಏನೂ ಆಗುವುದಿಲ್ಲ.

ಆದರೆ ನಾಲ್ಕನೇ ದಿನ ಆಂಟಿಬಯಾಟಿಕ್ ನಿಜವಾಗಿಯೂ ಬೇಕಾಯಿತು. ಮಗ ರಾತ್ರಿ ನಿದ್ದೆಯಲ್ಲಿ ತೊಡೆಯ ಒಂದು ಗುಳ್ಳೆ ಕೆರೆದುಕೊಂಡಿದ್ದ. ಬೆಳಿಗ್ಗೆ ಅದರ ಸುತ್ತ ಕೆಂಪಾಗಿ, ಮುಟ್ಟಿದರೆ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿತ್ತು. ಕೆಂಪಿನ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದೆ, 7.30. ವಾರ್ಡಿನಲ್ಲಿ ಕಲಿತ ಬುದ್ಧಿ. ಹನ್ನೊಂದೂವರೆಗೆ ನೋಡಿದರೆ ಕೆಂಪು ಗೆರೆ ದಾಟಿ ಒಂದು ಬೆರಳು ಮುಂದೆ ಹೋಗಿತ್ತು, ಇಳಿದಿದ್ದ ಜ್ವರವೂ ಮತ್ತೆ ಏರಿತ್ತು. ತಕ್ಷಣ ಆಸ್ಪತ್ರೆಗೆ ಹೋದೆವು. ವೈರಸ್ ತೆರೆದ ಬಾಗಿಲಲ್ಲಿ ಬ್ಯಾಕ್ಟೀರಿಯಾ ನುಗ್ಗಿತ್ತು. ಮಕ್ಕಳ ಸೀತಾಳೆಯಲ್ಲಿ ಜಾಸ್ತಿ ಕಾಣುವ ತೊಡಕು ಇದೇ. ಗೆರೆ ಎಳೆಯದಿದ್ದರೆ "ನಿನ್ನೆಗಿಂತ ಸ್ವಲ್ಪ ಜಾಸ್ತಿಯಾ, ಅಷ್ಟೇನಾ" ಅಂತ ಸಂಜೆವರೆಗೆ ಚರ್ಚೆ ಮಾಡುತ್ತಿದ್ದೆವು.

ಇನ್ನೊಂದು ಕೆಲಸ ಮಾಡುತ್ತಿದ್ದೆ. ದಿನಾ ಬೆಳಿಗ್ಗೆ ಅವನನ್ನು ಬಾಗಿಲಿನಿಂದ ಕಿಟಕಿಯವರೆಗೆ ನಡೆಸುತ್ತಿದ್ದೆ. ಅವನಿಗೆ ಅದು ಆಟ. ಅಪರೂಪಕ್ಕೆ ಈ ವೈರಸ್ ಹಿಮ್ಮಿದುಳಿಗೆ ತೊಂದರೆ ಕೊಟ್ಟು ಮಗು ತೂರಾಡುತ್ತಾ ನಡೆಯುವಂತೆ ಮಾಡುತ್ತದೆ, ನಾನು ನೋಡುತ್ತಿದ್ದದ್ದು ಅದನ್ನು. ಕೊನೆಯ ಗುಳ್ಳೆಯೂ ಹಕ್ಕಳೆಗಟ್ಟಿದ ಮೇಲೆ ಶಾಲೆಗೆ ಕಳಿಸಿದೆ.

ಅಲ್ಲಿಂದ ಈಚೆಗೆ ಮನೆಯಲ್ಲಿ ಯಾರಿಗೆ ಏನೇ ವೈರಸ್ ಬರಲಿ, ನಾನು ಮೊದಲು ಹೋಗುವುದು ಕ್ಯಾಲೆಂಡರಿನ ಹತ್ತಿರ. ಯಾವತ್ತು ತಾಗಿತು, ಯಾವಾಗಿನಿಂದ ಹರಡುತ್ತೆ, ಯಾವ ದಿನ ಅಪಾಯ. ಪ್ರತಿ ವೈರಸ್‌ಗೂ ಲೆಕ್ಕ ಬೇರೆ. ಫ್ಲೂ ಸುದ್ದಿ ತಿಳಿಯುವಷ್ಟರಲ್ಲೇ ಬಂದಿರುತ್ತದೆ, 1ರಿಂದ 4 ದಿನ. ಎಣಿಸಲು ಸಮಯವೇ ಕೊಡದ ಕಾರಣ ಅದಕ್ಕೆ ವರ್ಷಕ್ಕೊಂದು ಲಸಿಕೆಯೇ ದಾರಿ. ವಾಂತಿ-ಭೇದಿಯ ನೊರೊವೈರಸ್ ಇನ್ನೂ ಅವಸರದ್ದು, 12ರಿಂದ 48 ಗಂಟೆ. ಒಮ್ಮೆ ಇಡೀ ಮನೆಯನ್ನು ಎರಡು ದಿನದಲ್ಲಿ ಮಲಗಿಸಿತು, ನಾನು ಸ್ಯಾನಿಟೈಸರ್ ಬಾಟಲಿ ಹಿಡಿದು ಓಡಾಡುತ್ತಿದ್ದೆ. ಆ ವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು, ಹರಿಯುವ ನೀರು, ನೆಲಕ್ಕೆ ಬ್ಲೀಚ್. ವಾಂತಿ ನಿಂತು 48 ಗಂಟೆ ಆಗುವವರೆಗೆ ಅಡುಗೆಗೆ ಕೈ ಹಾಕಬಾರದು.

ಡೆಂಗಿಯಲ್ಲಿ ಎಣಿಕೆ ತಿರುಗುಮುರುಗು. ವಾರ್ಡಿನಲ್ಲಿ ಎಷ್ಟೋ ತಾಯಂದಿರು ನಾಲ್ಕನೇ, ಐದನೇ ದಿನ "ಜ್ವರ ಬಿಟ್ಟಿತು ಸಿಸ್ಟರ್, ಮನೆಗೆ ಹೋಗಬಹುದಾ?" ಅಂತ ಖುಷಿಯಿಂದ ಕೇಳುತ್ತಾರೆ. ನಾನು ಕೆಂಪು ಪೆನ್ನು ತೆಗೆಯುವುದು ಆಗಲೇ. ಜ್ವರ ಇಳಿದ ಹೊತ್ತಿನ 24ರಿಂದ 48 ಗಂಟೆಯಲ್ಲಿ ರಕ್ತನಾಳಗಳಿಂದ ದ್ರವ ಸೋರಿ ಮಗು ಕುಸಿಯಬಹುದು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಮಂಕು, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ಕಾಯಬಾರದು.

ದಡಾರದ ಲೆಕ್ಕ ಗಂಟೆಗಳದ್ದು. ಒಂದು ಸಲ ಹೊರರೋಗಿಗಳ ಕೋಣೆಯಲ್ಲಿ ದಡಾರದ ಮಗುವೊಂದು ಕೂತು ಹೋಗಿತ್ತು, ನಮಗೆ ಗೊತ್ತಾದದ್ದು ಆಮೇಲೆ. ಮಗು ಹೋದ ಮೇಲೂ 2 ಗಂಟೆಯವರೆಗೆ ಆ ವೈರಸ್ ಗಾಳಿಯಲ್ಲಿ ಇರಬಲ್ಲದು. ರಿಜಿಸ್ಟರ್ ತೆಗೆದು ಆ ಹೊತ್ತಿನಲ್ಲಿ ಬಂದ ಪ್ರತಿಯೊಬ್ಬರಿಗೂ ಫೋನ್ ಮಾಡಿದೆವು. 72 ಗಂಟೆಯೊಳಗೆ ಲಸಿಕೆ, ಲಸಿಕೆ ಹಾಕಲಾಗದ ಎಳೆ ಕೂಸುಗಳಿಗೆ 6 ದಿನದೊಳಗೆ ಪ್ರತಿಕಾಯದ ಚುಚ್ಚುಮದ್ದು. ದಡಾರ ಬಂದು ಹೋಯಿತು ಅಂತ ನಿರಾಳ ಆಗುವ ಹಾಗೂ ಇಲ್ಲ. ಬೇರೆ ರೋಗಗಳ ವಿರುದ್ಧ ಮೈ ಕಲಿತ ಪಾಠವನ್ನೂ ಅದು ಅಳಿಸಿ ಹೋಗುತ್ತದೆ. ತೀರಾ ಅಪರೂಪಕ್ಕೆ 7ರಿಂದ 10 ವರ್ಷ ಆದ ಮೇಲೆ ಮಿದುಳಿನ ಮಾರಕ ಕಾಯಿಲೆಯಾಗಿ ತಿರುಗಿ ಬರುತ್ತದೆ.

ಎಣಿಸುತ್ತಾ ಕೂರಲೇಬಾರದ ರೋಗ ರೇಬಿಸ್. ನಾಯಿ ಕಚ್ಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಅವತ್ತೇ ಲಸಿಕೆ ಶುರು ಮಾಡಬೇಕು. ಲಕ್ಷಣ ಕಾಣಿಸಿಕೊಂಡರೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬಹುದು. "ನಾಯಿ ಬದುಕಿದೆಯಾ ನೋಡೋಣ" ಅನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅತ್ತೆಯ ಗುಳ್ಳೆಗಳು ಒಂದು ತಿಂಗಳಲ್ಲಿ ಒಣಗಿದವು. ಉರಿ ಒಣಗಲಿಲ್ಲ. ಐದು ತಿಂಗಳು ಕಳೆದರೂ ಬಲಗಡೆ ಒರಗಿ ಕೂರುವುದಿಲ್ಲ, ಫ್ಯಾನ್ ಗಾಳಿ ಬೆನ್ನಿಗೆ ಬಿದ್ದರೂ ಬೆಚ್ಚುತ್ತಾರೆ. ವೈರಸ್ ನರವನ್ನೇ ಕೆಡಿಸಿದಾಗ ಹೀಗೆ ನೋವು ಉಳಿದುಬಿಡುತ್ತದೆ, ವಯಸ್ಸಾದವರಲ್ಲಿ ಜಾಸ್ತಿ. ಅದಕ್ಕೆ ನರದ ನೋವಿನ ಮಾತ್ರೆ ಬೇರೆ ನಡೆಯುತ್ತಿದೆ. ಸರ್ಪಸುತ್ತಿಗೆ 50 ದಾಟಿದವರಿಗೆ ಲಸಿಕೆ ಇದೆ, ಎರಡು ಡೋಸ್, ನಡುವೆ 2ರಿಂದ 6 ತಿಂಗಳು. ಬಂದುಹೋದವರೂ ಹಾಕಿಸಿಕೊಳ್ಳಬಹುದು, ಯಾಕೆಂದರೆ ಮತ್ತೆ ಬರಬಹುದು. "ಆಗಲೇ ಬಂದು ಹೋಯಿತಲ್ಲ, ಇನ್ನು ಯಾಕೆ ಸೂಜಿ?" ಅಂತ ಅತ್ತೆ ಒಂದು ವಾರ ಹಟ ಹಿಡಿದರು. ಮೊದಲ ಡೋಸ್ ಹಾಕಿಸಿಕೊಂಡು ಬಂದ ದಿನ, ತೋಳು ಹಿಡಿದುಕೊಂಡೇ, ಪೆನ್ಸಿಲ್ ಎಲ್ಲಿ ಅಂತ ಕೇಳಿ ಎರಡನೆಯದರ ತಾರೀಕಿಗೆ ತಾವೇ ಗುರುತು ಹಾಕಿದರು. ಅದರ ಕೆಳಗಿನ ಸಾಲಿನಲ್ಲಿ ಪುಟ್ಟ ಅಕ್ಷರದಲ್ಲಿ ನನ್ನದೊಂದು ಗುರುತಿದೆ, ಮಗನ ಫ್ಲೂ ಲಸಿಕೆ. ಈ ಸಲ ಅವನಿಗೆ ಪರೀಕ್ಷೆ ಇರುವ ವಾರವೇ ಬಂದಿದೆ, ಆದರೂ ತಾರೀಕು ಬದಲಿಸಿಲ್ಲ.