ವ್ಯಾನ್ ತಗೊಂಡು ದಕ್ಷಿಣಕ್ಕೆ ಹೊರಟವರಿಗೆ

ಧಾರವಾಡದ ಥಂಡಿ ತಪ್ಪಿಸಿಕೊಂಡು ಕ್ಯಾಂಪರ್ ವ್ಯಾನಿನಲ್ಲಿ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳುವಂಥ ಗಾಡಿ) ಒಂದೆರಡು ತಿಂಗಳು ಕನ್ಯಾಕುಮಾರಿ, ರಾಮೇಶ್ವರ ಸುತ್ತುವವರು ಸಂಕ್ರಾಂತಿ ಮುಗಿಸಿಕೊಂಡೇ ಹೊರಡಿ. ಡಿಸೆಂಬರ್‌ನಲ್ಲಿ ಆ ಕಡೆ ಹಿಂಗಾರು ಮಳೆ ಇನ್ನೂ ಇರುತ್ತದೆ. ನಾವು ಅವಸರ ಮಾಡಿ ಹೋಗಿ, ನಾಲ್ಕು ದಿನ ವ್ಯಾನಿನೊಳಗೇ ಒಣಗದ ಟವೆಲ್‌ಗಳ ಜೊತೆ ಸಂಸಾರ ಮಾಡಿದೆವು!

ಕರಾವಳಿ ದಾರಿ ಹಿಡಿದರೆ ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ. ನೀರಿನ ಟ್ಯಾಂಕ್ ತುಂಬಿಸಿಕೊಂಡು ಇಳಿಯಬೇಡಿ. 100 ಲೀಟರ್ ಅಂದರೆ 100 ಕಿಲೋ ಭಾರ, ಅಲ್ವಾ? ಅಂಕೋಲಾದಲ್ಲಿ ತುಂಬಿಸಿದರಾಯ್ತು. ಸೆಕೆಂಡ್ ಗೇರಿನಲ್ಲೇ ಇಳಿಯಿರಿ. ಸುಮ್ನೆ ಬ್ರೇಕ್ ತುಳಿಯುತ್ತಲೇ ಇದ್ದರೆ ಸುಟ್ಟ ವಾಸನೆ ಬರುತ್ತದೆ. ಗಾಡಿ ಓಡುವಾಗ ಅಡುಗೆ ಗ್ಯಾಸ್ ರೆಗ್ಯುಲೇಟರ್ ಬಂದ್ ಇರಲಿ.

ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಜಾಸ್ತಿನೇ ಇಟ್ಟುಕೊಳ್ಳಿ. ಮೊಸರು ದಾರಿಯಲ್ಲಿ ಸಿಗುತ್ತದೆ.